ಸ್ಥಾವರಕ್ಕೆ ಕೋಟಿ ಕೋಟಿ, ಬಚ್ಚಲುಮನೆಗೆ ಐವತ್ತು ರೂಪಾಯಿ

ಡಿಸೆಂಬರ್ ತಿಂಗಳಲ್ಲಿ ಬೆಳಗ್ಗೆ ಆರೂಮುಕ್ಕಾಲರ ಹೊತ್ತಿಗೆ ಯಲಹಂಕ ನ್ಯೂಟೌನಿನ ಯಾವುದಾದರೂ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಇಳಿದು ಮೀಟರ್ ರೂಮಿನ ಬಾಗಿಲು ತೆಗೆದರೆ ಅಲ್ಲೊಂದು ಪುಟ್ಟ ದೀಪಾವಳಿ ಕಾಣುತ್ತದೆ. ಗೋಡೆಗೆ ಸಾಲಾಗಿ ಕೂರಿಸಿದ ಪ್ರತಿ ಮೀಟರಿನ ಮೇಲೂ ಸಾಸಿವೆ ಕಾಳಿನಷ್ಟು ಕೆಂಪು ದೀಪ. ಮನೆಗಳಿಗೆ ಹಾಕುವ ಸಾಮಾನ್ಯ ಮೀಟರಿನಲ್ಲಿ ಒಂದು ಯೂನಿಟ್ ಖರ್ಚಾಗುವಷ್ಟರಲ್ಲಿ ಅದು 3200 ಸಲ ಮಿನುಗುತ್ತದೆ. ಮನೆಮಂದಿ ಇನ್ನೂ ಮಲಗಿದ್ದು ಫ್ರಿಜ್ ಒಂದೇ ಓಡುತ್ತಿದ್ದರೆ ಹತ್ತು ಹನ್ನೊಂದು ಸೆಕೆಂಡಿಗೆ ಒಂದು ಮಿನುಗು. ಬಚ್ಚಲುಮನೆಯಲ್ಲಿ ಎರಡು ಕಿಲೋವ್ಯಾಟಿನ ಗೀಸರ್ ಹಾಕಿದರೆ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು. ಎಂಟೂವರೆಯವರೆಗೂ ಗೋಡೆ ತುಂಬ ಕೆಂಪು ಚುಕ್ಕಿಗಳ ಕುಣಿತ. ಸ್ಕೂಲ್ ಬಸ್ಸು, ಆಫೀಸ್ ಕ್ಯಾಬು ಹೊರಟ ಮೇಲೆ ಅದೇ ಗೋಡೆ ತೂಕಡಿಸುತ್ತದೆ.

ಇಂಥ 1,85,000 ಗೀಸರುಗಳು ಏಕಕಾಲಕ್ಕೆ ಉರಿದರೆ ಬೇಕಾಗುವ ವಿದ್ಯುತ್ತು 370 ಮೆಗಾವ್ಯಾಟ್. ಆ ಅಂಕಿಗೂ ಯಲಹಂಕಕ್ಕೂ ಒಂದು ನಂಟಿದೆ. ಕರ್ನಾಟಕ ವಿದ್ಯುತ್ ನಿಗಮ ಅಲ್ಲಿ ಕಟ್ಟಿರುವ ಅನಿಲ ಸ್ಥಾವರದ ಸಾಮರ್ಥ್ಯವೂ 370 ಮೆಗಾವ್ಯಾಟ್. ತೊಂಬತ್ತರ ದಶಕದ ಡೀಸೆಲ್ ಸ್ಥಾವರವಿದ್ದ ಜಾಗದಲ್ಲೇ ಇದು ಎದ್ದಿತು. 2020ರ ಅಕ್ಟೋಬರಿನಲ್ಲಿ, ಪರೀಕ್ಷೆಯ ಹಂತದಲ್ಲಿರುವಾಗಲೇ, ಬೆಂಕಿಗೆ ತುತ್ತಾಯಿತು. ಕೊನೆಗೆ 2024ರ ಸೆಪ್ಟೆಂಬರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಲೋಕಾರ್ಪಣೆ ಮಾಡಿದರು. ವರ್ಷಗಳ ಕಾಯುವಿಕೆ, ಕೋಟಿಗಟ್ಟಲೆ ಹಣ, ಬೆಲೆ ಯಾವಾಗ ಏರುತ್ತದೋ ಹೇಳಲಾಗದ ಅನಿಲ. ಇಷ್ಟೆಲ್ಲ ಸೇರಿ ಬೆಂಗಳೂರಿನ ಬಚ್ಚಲುಮನೆಗಳ ಒಂದು ಪಾಲಿಗೆ ಸಮ.

ಹಾಗಿದ್ದೂ ರಾಜ್ಯದಲ್ಲಿ ಕರೆಂಟಿನ ಮಾತು ಬಂದಾಗಲೆಲ್ಲ ಕೇಳಿಬರುವುದು ಒಂದೇ ರಾಗ. ಬೇಡಿಕೆ ಏರುತ್ತಿದೆ, ಆದ್ದರಿಂದ ಇನ್ನೊಂದು ಸ್ಥಾವರ ಬೇಕು. ಮಂತ್ರಿಗಳು ಹೇಳುವುದು ಇದನ್ನೇ, ವಿರೋಧ ಪಕ್ಷದವರು ‘ಯಾಕೆ ಕಟ್ಟಲಿಲ್ಲ’ ಎಂದು ಗುಡುಗುವುದೂ ಇದನ್ನೇ. ನಿವಾಸಿಗಳ ಸಂಘಗಳ ಮನವಿಪತ್ರದಲ್ಲೂ ಅದೇ ಸಾಲು. ಬೇಡಿಕೆ ಎಂದರೆ ಮಳೆಯ ಹಾಗೆ, ಮೇಲಿನಿಂದ ಸುರಿಯುವಂಥದ್ದು, ಸರ್ಕಾರದ ಕೆಲಸ ಕೆಳಗೆ ದೊಡ್ಡ ಪಾತ್ರೆ ಹಿಡಿಯುವುದಷ್ಟೇ ಎಂಬ ನಂಬಿಕೆ ಇದರ ಹಿಂದಿದೆ. ಈ ನಂಬಿಕೆ ತಪ್ಪು. ಅದರ ಬೆನ್ನಿಗೇ ಬರುವ ‘ವಿದ್ಯುತ್ ಉಳಿಸಿ, ಬೇಡದ ದೀಪ ಆರಿಸಿ’ ಎಂಬ ಉಪದೇಶವೂ ಅಷ್ಟೇ ಟೊಳ್ಳು. ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬನ್ನು ಇನ್ನೂರು ಗಂಟೆ ಆರಿಸಿಟ್ಟು ಉಳಿಸಿದ್ದನ್ನು ಗೀಸರ್ ಒಂದು ಗಂಟೆ ತುಂಬುವುದರೊಳಗೆ ಕುಡಿದು ಮುಗಿಸುತ್ತದೆ.

ಎಷ್ಟು ಯೂನಿಟ್ ಎಂಬ ಲೆಕ್ಕವನ್ನೇ ಹಿಡಿದು ಕೂತವರಿಗೆ ಯಾವ ಹೊತ್ತಿನಲ್ಲಿ ಎಂಬ ಪ್ರಶ್ನೆ ಹೊಳೆಯುವುದೇ ಇಲ್ಲ. ವಿದ್ಯುತ್ ಜಾಲವನ್ನು ಆಳುವುದು ಈ ಎರಡನೆಯ ಪ್ರಶ್ನೆ. ಹಾಲಿನ ಡೇರಿಯ ಹಾಗೆ ಬೆಳಗಿನದನ್ನು ತಣ್ಣಗಿಟ್ಟು ಸಂಜೆ ಮಾರುವ ಅನುಕೂಲ ಇಲ್ಲಿಲ್ಲ. ಉತ್ಪಾದನೆಯೂ ಬಳಕೆಯೂ ಪ್ರತಿ ಕ್ಷಣ ಸರಿದೂಗಬೇಕು, ತಕ್ಕಡಿಯ ಮುಳ್ಳು 50 ಹರ್ಟ್ಸ್ ಸುತ್ತಲೇ ನಿಲ್ಲಬೇಕು. ಹೀಗಾಗಿ ಒಂದು ಹೊತ್ತಿನ ಯೂನಿಟ್ಟಿಗೂ ಇನ್ನೊಂದು ಹೊತ್ತಿನ ಯೂನಿಟ್ಟಿಗೂ ಬೆಲೆಯಲ್ಲಿ ಅಜಗಜಾಂತರ. ದೇಶದ ವಿದ್ಯುತ್ ವಿನಿಮಯ ಕೇಂದ್ರಗಳಲ್ಲಿ ಹದಿನೈದು ನಿಮಿಷಕ್ಕೊಂದು ದರ ನಿಗದಿಯಾಗುತ್ತದೆ. ಬಿಸಿಲಿನ ಹೊತ್ತಿನಲ್ಲಿ ಅದು ಎರಡು ರೂಪಾಯಿಗಿಂತ ಕೆಳಗಿಳಿಯುವುದುಂಟು, ಸಂಜೆಯ ಒತ್ತಡದಲ್ಲಿ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಹಾಕಿದ ಹತ್ತು ರೂಪಾಯಿಯ ಮಿತಿಯನ್ನೇ ಮುಟ್ಟುವುದುಂಟು. ಹೆಬ್ಬಾಳದ ಫ್ಲ್ಯಾಟಿನಲ್ಲಿರುವವರಿಗೆ ಈ ಏರಿಳಿತದ ಗಾಳಿಯೂ ಸೋಕುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಅವರ ದರ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ ಎಂದು ನಿಗದಿಯಾಯಿತು, ಮಧ್ಯರಾತ್ರಿಯೂ ಅಷ್ಟೇ, ಸಂಜೆ ಏಳಕ್ಕೂ ಅಷ್ಟೇ. ಅದಕ್ಕೂ ಹಿಂದಿನ ವರ್ಷ ಹೆಚ್ಚು ಬಳಸಿದವರಿಗೆ ಹೆಚ್ಚು ದರ ಎಂಬ ಹಂತಗಳನ್ನೂ ತೆಗೆದುಹಾಕಲಾಯಿತು. ಮನೆಯವರಿಗೆ ಯಾವ ಸುಳಿವನ್ನೂ ಕೊಡದಂತೆ ಬಿಲ್ಲು ರೂಪಿಸಿ, ಆಮೇಲೆ ಮನೆಯವರ ಬಳಕೆಗೆ ಕಡಿವಾಣವಿಲ್ಲ ಎಂದು ಗೊಣಗುವುದರಲ್ಲಿ ಅರ್ಥವಿಲ್ಲ.

ಒಂದು ಆಕ್ಷೇಪ ಸಹಜ. ರಾಜ್ಯದ ಬೇಡಿಕೆ ದಾಖಲೆ ಮುರಿಯುವುದು ಬೇಸಿಗೆಯ ಹಗಲಿನಲ್ಲಿ, ಅದು ಪಂಪ್‌ಸೆಟ್ಟುಗಳಿಂದ, ಗೀಸರಿನಿಂದಲ್ಲ ಎಂದು ಬಲ್ಲವರು ಹೇಳುತ್ತಾರೆ. ಮಾತು ನಿಜ. 2025ರ ಬೇಸಿಗೆಯಲ್ಲಿ ಬೇಡಿಕೆ 18 ಸಾವಿರ ಮೆಗಾವ್ಯಾಟ್ ದಾಟಿದ್ದು ಹಾಗೆಯೇ. ಆದರೆ ಆ ಹೊತ್ತಿನಲ್ಲಿ ಪಾವಗಡದ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕು ಸೇರಿದಂತೆ ರಾಜ್ಯದ ಸಾವಿರಾರು ಮೆಗಾವ್ಯಾಟ್ ಸೌರಶಕ್ತಿ ಕೈಹಿಡಿದಿರುತ್ತದೆ. ಸೂರ್ಯ ಮೇಲೇರುವ ಮುನ್ನ ಮತ್ತು ಮುಳುಗಿದ ನಂತರದ ಗಂಟೆಗಳಲ್ಲಿ ಆ ಆಸರೆ ಇಲ್ಲ. ಮನೆಗಳು ಎದ್ದು ಕೂರುವುದು ಸರಿಯಾಗಿ ಆಗಲೇ: ಬೆಳಗ್ಗೆ ಗೀಸರ್, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಸಂಜೆ ಎ.ಸಿ., ಇಂಡಕ್ಷನ್ ಒಲೆ, ಟಿ.ವಿ.

ಇನ್ನು ಪಂಪ್‌ಸೆಟ್ಟಿನ ವಿಷಯ. ‘ಜನರ ಬಳಕೆಯ ಹೊತ್ತನ್ನು ಬದಲಿಸಲು ಆಗದು’ ಎನ್ನುವ ಇದೇ ವ್ಯವಸ್ಥೆ ರೈತರ ಬಳಕೆಯ ಹೊತ್ತನ್ನು ದಶಕಗಳಿಂದ ಬದಲಿಸುತ್ತಲೇ ಬಂದಿದೆ. ತ್ರೀಫೇಸ್ ದಿನಕ್ಕೆ ಇಷ್ಟೇ ಗಂಟೆ, ಅದೂ ಕೊಟ್ಟಾಗ ತಗೋ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರನ್ನೂ ಹೊಲದ ಫೀಡರನ್ನೂ ಬೇರ್ಪಡಿಸಿದ್ದರಿಂದ ಹೊಲದ್ದನ್ನು ಮಾತ್ರ ಬೇಕೆಂದಾಗ ತೆಗೆಯುವುದು ಸಲೀಸಾಯಿತು. 2023ರ ಅಕ್ಟೋಬರಿನಲ್ಲಿ ಮಳೆ ಕೈಕೊಟ್ಟು ಬೇಡಿಕೆ ಜಿಗಿದಾಗ ಏಳು ಗಂಟೆಯ ತ್ರೀಫೇಸ್ ಐದಕ್ಕೆ ಇಳಿಯಿತು. ಅದೇ ತಿಂಗಳು ವಿಜಯಪುರ ಜಿಲ್ಲೆಯ ರೋಣಿಹಾಳದ ರೈತರು ಒಂದು ಮೊಸಳೆಯನ್ನು ಕಟ್ಟಿಕೊಂಡು ಅಲ್ಲಿನ ವಿದ್ಯುತ್ ಕಂಪನಿ ಹೆಸ್ಕಾಂನ ಉಪಕೇಂದ್ರಕ್ಕೇ ಬಂದರು. ರಾತ್ರಿ ಕರೆಂಟ್ ಕೊಟ್ಟರೆ ಹೊಲದಲ್ಲಿ ನಾವು ಇಂಥವುಗಳ ನಡುವೆ ನೀರು ಹಾಯಿಸಬೇಕು ಎಂಬುದು ಅವರ ಅಹವಾಲು. ರೈತ ಮೊಸಳೆಯ ಪಕ್ಕ ನಿಂತು ಬಳಕೆಯ ಹೊತ್ತು ಬದಲಿಸಬಹುದು, ರಾಜಧಾನಿಯ ನಿವಾಸಿ ಗೀಸರಿನ ಸ್ವಿಚ್ಚನ್ನು ಒಂದೂವರೆ ಗಂಟೆ ಹಿಂದಕ್ಕೆ ಸರಿಸಲಾರ ಎಂದರೆ ಅದು ತಾಂತ್ರಿಕ ಅಸಾಧ್ಯತೆಯಲ್ಲ, ಪಂಕ್ತಿಭೇದ.

ಈ ವಾದವೇನೂ ಹೊಸದಲ್ಲ. ಯಶವಂತಪುರದ ಮಗ್ಗುಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿ ಇದನ್ನು ಮೂರು ದಶಕಗಳ ಹಿಂದೆಯೇ ಅಂಕಿಗಳ ಸಮೇತ ಮಂಡಿಸಿದ್ದರು. 1987ರಲ್ಲಿ ರಾಜ್ಯದ ದೀರ್ಘಾವಧಿ ವಿದ್ಯುತ್ ಯೋಜನಾ ವರದಿ, 2000ನೇ ಇಸವಿಯ ಹೊತ್ತಿಗೆ ಕರ್ನಾಟಕಕ್ಕೆ ಸುಮಾರು 9,400 ಮೆಗಾವ್ಯಾಟ್ ಬೇಕು ಎಂದು ಲೆಕ್ಕ ಕಟ್ಟಿತ್ತು. ರೆಡ್ಡಿ ಮತ್ತು ಅವರ ಸಹೋದ್ಯೋಗಿಗಳು ಪ್ರಶ್ನೆಯನ್ನೇ ತಿರುಗಿಸಿದರು. ಜನರಿಗೆ ಬೇಕಿರುವುದು ಕಿಲೋವ್ಯಾಟ್ ಅಲ್ಲ. ಬೆಳಕು, ಬಿಸಿನೀರು, ಹೊಲಕ್ಕೆ ನೀರು. ಅವನ್ನು ಕಡಿಮೆ ವಿದ್ಯುತ್ತಿನಲ್ಲಿ, ಅಥವಾ ವಿದ್ಯುತ್ತೇ ಇಲ್ಲದೆ, ಒದಗಿಸುವ ದಾರಿಗಳನ್ನು ಮೊದಲು ಎಣಿಸಿ ಎಂದರು. ಬುರುಡೆ ಬಲ್ಬಿನ ಬದಲು ಸಿಎಫ್‌ಎಲ್, ಹಳೆಯ ಪಂಪಿಗೆ ಸುಧಾರಣೆ, ವಿದ್ಯುತ್ ಗೀಸರಿಗೆ ಬದಲಾಗಿ ಸೌರಶಕ್ತಿ ಅಥವಾ ಅಡುಗೆ ಅನಿಲ. ಎಲ್ಲ ಕೂಡಿಸಿದಾಗ ಅವರಿಗೆ ಬಂದ ಅಂಕಿ ಸುಮಾರು 4,000 ಮೆಗಾವ್ಯಾಟ್. ‘ಡಿಫೆಂಡಸ್’ ಎಂದು ಕರೆದ ಆ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಜಗತ್ತಿನ ಇಂಧನ ತಜ್ಞರು ಅದನ್ನು ಓದಿ ಉದ್ಧರಿಸಿದರು. ಗೀಸರ್ ಎಂಬುದು ಆಡಳಿತಕ್ಕೆ ಸಂಬಂಧಿಸಿದ ವಸ್ತು ಎಂದು ಲೆಕ್ಕದ ಪುಸ್ತಕಕ್ಕೆ ತಂದದ್ದು ಈ ಊರೇ, ಕೆಲವೇ ಕಿಲೋಮೀಟರ್ ದೂರದ ವಿಧಾನಸೌಧಕ್ಕೆ ಅದು ಪೂರ್ತಿಯಾಗಿ ಎಂದೂ ತಲುಪಲಿಲ್ಲ.

ಅರ್ಧ ತಲುಪಿದ್ದು ಹೌದು, ಆ ಅರ್ಧವೇ ಏನು ಸಾಧ್ಯ ಎಂಬುದಕ್ಕೆ ಸಾಕ್ಷಿ. 2004ರ ಸುಮಾರಿಗೆ ನಗರದ ವಿದ್ಯುತ್ ಕಂಪನಿ ಬೆಸ್ಕಾಂ ಸಿಎಫ್‌ಎಲ್ ಬಲ್ಬುಗಳನ್ನು ಕೊಡಿಸಿ, ದುಡ್ಡನ್ನು ತಿಂಗಳ ಬಿಲ್ಲಿನಲ್ಲಿ ಕಂತಾಗಿ ಹಿಡಿದುಕೊಳ್ಳುವ ಯೋಜನೆ ತಂದಿತು. 2007ರಲ್ಲಿ ನಿಗದಿತ ಅಳತೆ ಮೀರಿದ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯವಾಯಿತು. ವಿಮಾನ ಕೆಂಪೇಗೌಡ ನಿಲ್ದಾಣಕ್ಕೆ ಇಳಿಯುವಾಗ ಉತ್ತರ ಬೆಂಗಳೂರಿನ ತಾರಸಿಗಳ ಮೇಲೆ ಹೊಳೆಯುವ ಗಾಜಿನ ಕೊಳವೆಗಳು ಆ ನಿಯಮದ ಫಲ. ಸೋಲಾರ್ ಹೀಟರ್ ಎಂದರೆ ಬೆಂಗಳೂರು ಎಂಬಷ್ಟು ಹೆಸರಾಯಿತು. ಯಾವ ಜನ ‘ಬದಲಾಗುವುದಿಲ್ಲ’ ಎಂದು ಮೂದಲಿಸಲಾಗುತ್ತದೋ ಅದೇ ಜನ ನಿಯಮ, ಒಂದಿಷ್ಟು ರಿಯಾಯಿತಿ, ಅಕ್ಕಪಕ್ಕದವರನ್ನು ನೋಡಿ ಹುಟ್ಟಿದ ಆಸೆ ಇವಿಷ್ಟರಿಂದಲೇ ಬದಲಾಗಿದ್ದರು.

ಆ ರಿಯಾಯಿತಿ ಎಷ್ಟು? ಯೂನಿಟ್ಟಿಗೆ ಐವತ್ತು ಪೈಸೆ, ತಿಂಗಳಿಗೆ ಹೆಚ್ಚೆಂದರೆ ಐವತ್ತು ರೂಪಾಯಿ.

ತಲೆಬರಹದ ಲೆಕ್ಕ ಇಲ್ಲಿಂದ ಬಂದದ್ದು. ಬೆಳಗಿನ ಹೊತ್ತಿನಲ್ಲಿ ಎರಡು ಕಿಲೋವ್ಯಾಟ್ ಬೇಡಿಕೆಯನ್ನೇ ಇಲ್ಲವಾಗಿಸಿದ ಮನೆಗೆ ಐವತ್ತು ರೂಪಾಯಿ; ಅದೇ ಎರಡು ಕಿಲೋವ್ಯಾಟನ್ನು ಹುಟ್ಟಿಸುವ ಸ್ಥಾವರಕ್ಕೆ ಕೋಟಿಗಳಲ್ಲಿ ಬಂಡವಾಳ, ಓಡದೆ ನಿಂತರೂ ತಪ್ಪದ ನಿಗದಿ ವೆಚ್ಚ. ನಿಯಮದಲ್ಲಿ ಇನ್ನೊಂದು ದೊಡ್ಡ ತೂತು ಉಳಿದಿತ್ತು, ಅದನ್ನು ನೋಡಲು ಆರ್.ಟಿ. ನಗರದ ಅಡ್ಡರಸ್ತೆಗಳಿಗೆ ಹೋಗಬೇಕು. ಹಳೆಯ ಒಂಟಿ ಮನೆ ಬಿದ್ದ ಜಾಗದಲ್ಲಿ ನಾಲ್ಕು ಅಂತಸ್ತು ಎದ್ದಿದೆ. ತಾರಸಿಯ ಮೇಲಿನ ಹೀಟರಿನ ಕೊಳವೆ ಇಳಿಯುವುದು ಮೇಲಿನ ಮಹಡಿಯ ಮಾಲೀಕರ ಬಚ್ಚಲಿಗೆ. ಕೆಳಗಿನ ಬಾಡಿಗೆ ಮನೆಗಳಿಗೆ, ಪಿ.ಜಿ. ಕೋಣೆಗಳಿಗೆ ಮೂರು ಲೀಟರಿನ, ಮೂರು ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್. ಅದು ನೀರನ್ನು ಕಾಯಿಸಿಟ್ಟುಕೊಳ್ಳಲಾರದು, ನಲ್ಲಿ ತಿರುಗಿಸಿದಾಗಲೇ ಉರಿಯಬೇಕು. ಕರೆಂಟ್ ಬಿಲ್ಲು ಬಾಡಿಗೆದಾರರದ್ದು, ಯಂತ್ರದ ಆಯ್ಕೆ ಮಾಲೀಕರದ್ದು. ಅಗ್ಗದ ಪೆಟ್ಟಿಗೆ ತಂದು ತಗುಲಿಸಿದವರಿಗೆ ಅದರಿಂದ ಯಾವ ಬಿಸಿಯೂ ತಟ್ಟುವುದಿಲ್ಲ.

ಆ ರಸ್ತೆಯ ಮೂಲೆಯಲ್ಲಿರುವ ಟಿ.ಸಿ.ಯನ್ನೂ ಒಮ್ಮೆ ನೋಡಬೇಕು. 250 ಕೆವಿಎ ಎಂದು ಬರೆದ ಟ್ರಾನ್ಸ್‌ಫಾರ್ಮರ್. ಸೈಟಿಗೊಂದು ಮನೆಯಿದ್ದ ಕಾಲದಲ್ಲಿ ಅದು ಧಾರಾಳವಾಗಿತ್ತು. ಈಗ ಒಂದು ನೂರಿಪ್ಪತ್ತು ಮನೆಗಳ ಗೀಸರುಗಳು ಒಟ್ಟಿಗೆ ಹೊತ್ತಿಕೊಂಡರೆ ಅದರ ತಾಕತ್ತೆಲ್ಲ ಅಲ್ಲಿಗೇ ಮುಗಿಯಿತು. ಫ್ಯೂಸ್ ಹಾರುತ್ತದೆ. ಜನ 1912ಕ್ಕೆ ಫೋನ್ ಮಾಡುತ್ತಾರೆ, ‘ರಾಜ್ಯದಲ್ಲಿ ಕರೆಂಟೇ ಇಲ್ಲ’ ಎಂದು ಶಪಿಸುತ್ತಾರೆ. ಕರೆಂಟು ಇತ್ತು, ಆರ್.ಟಿ. ನಗರದ ಆ ಮೂಲೆಯನ್ನು ಅದು ದಾಟಲಾಗಲಿಲ್ಲ ಅಷ್ಟೇ. ಇಂಥ ಕಡಿತವನ್ನು ಯಲಹಂಕದ ಅನಿಲ ಸ್ಥಾವರವಾಗಲಿ, ಇನ್ನೊಂದು ಅಣುಸ್ಥಾವರವಾಗಲಿ ತಪ್ಪಿಸಲಾರವು. ಗೀಸರುಗಳು ಐದಕ್ಕೆ ಕೆಲವು, ಆರಕ್ಕೆ ಕೆಲವು ಎಂದು ಸರದಿ ಹಿಡಿದರೆ ಅದೇ ಟಿ.ಸಿ. ತಣ್ಣಗೆ ಕೆಲಸ ಮಾಡುತ್ತದೆ.

ಉಚಿತ ವಿದ್ಯುತ್ತಿನ ಗೃಹಜ್ಯೋತಿಯನ್ನು ಟೀಕಿಸುವವರು ಕೂಡ ಗುರಿ ತಪ್ಪಿಯೇ ಹೊಡೆಯುತ್ತಾರೆ. ‘ಪುಕ್ಕಟೆ ಕೊಟ್ಟು ಜನರನ್ನು ಕೆಡಿಸಿದರು’ ಎಂಬುದು ಡ್ರಾಯಿಂಗ್ ರೂಮಿನ ಮಾತು. ತಿಂಗಳಿಗೆ ಐವತ್ತು ಅರವತ್ತು ಯೂನಿಟ್ಟಿನಲ್ಲಿ ಬದುಕುವ ಮನೆಗೆ ಸಿಕ್ಕ ಸಹಾಯದ ಬಗ್ಗೆ ತಕರಾರು ತೆಗೆಯಬೇಕಿಲ್ಲ. ತಕರಾರು ಇರಬೇಕಾದ್ದು ಸೂತ್ರದ ಮೇಲೆ. 2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿ ಚಾಲನೆ ಪಡೆದ ಯೋಜನೆ, 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ, 200 ಯೂನಿಟ್ಟಿನ ಮಿತಿಯೊಳಗೆ, ಪ್ರತಿ ಮನೆಯ ಹಕ್ಕನ್ನು ಗೊತ್ತು ಮಾಡಿತು. ಎಂದರೆ ಮೊದಲೇ ಸೋಲಾರ್ ಹಾಕಿಸಿ, ಎಲ್‌ಇಡಿಗೆ ಬದಲಾಗಿ, ಬಳಕೆಯನ್ನು 60 ಯೂನಿಟ್ಟಿಗೆ ಇಳಿಸಿಕೊಂಡಿದ್ದ ಮನೆಗೆ 66 ಯೂನಿಟ್ ಉಚಿತ. ಪಕ್ಕದ ಮನೆಯಲ್ಲಿ ಅಷ್ಟೇ ಜನ ಗೀಸರ್ ಉರಿಸುತ್ತ 170 ಬಳಸುತ್ತಿದ್ದರೆ ಅವರಿಗೆ 187. ತೀರಾ ಕಡಿಮೆ ಬಳಸುವವರಿಗೆ ಆಮೇಲೆ ಹತ್ತು ಯೂನಿಟ್ ಸೇರಿಸಿದ್ದನ್ನು ಬಿಟ್ಟರೆ ಮೂಲ ತರ್ಕ ಹಾಗೇ ಉಳಿಯಿತು. ಮಿತವಾಗಿದ್ದವರಿಗೆ ಕಡಿಮೆ, ಧಾರಾಳವಾಗಿದ್ದವರಿಗೆ ಹೆಚ್ಚು. ಯಾವ ಹೊತ್ತಿನಲ್ಲಿ ಬಳಸಿದರು ಎಂಬ ವಿಚಾರವಂತೂ ಇಡೀ ಯೋಜನೆಯಲ್ಲಿ ಎಲ್ಲೂ ಇಲ್ಲ. ಇದೇ ಉಚಿತ ಯೂನಿಟ್ಟುಗಳಲ್ಲಿ ಹಗಲು ಬಳಸಿದ್ದಕ್ಕೆ ಒಂದಿಷ್ಟು ಹೆಚ್ಚುವರಿ ಕೊಟ್ಟಿದ್ದರೆ ಯಾವ ಬಡವರಿಗೂ ನಷ್ಟವಾಗುತ್ತಿರಲಿಲ್ಲ.

‘ಜನ ಒಪ್ಪುವುದಿಲ್ಲ’ ಎಂಬುದು ಕೊನೆಯ ಗುರಾಣಿ. ಅದನ್ನು ತೂತು ಮಾಡಲು ಯಲಹಂಕದ ಅದೇ ಮೀಟರ್ ರೂಮಿಗೆ ಮರಳಬೇಕು. ಬೆಸ್ಕಾಂ ಲೈನ್ ಹೋದಾಗ ಅಪಾರ್ಟ್‌ಮೆಂಟಿನ ಡೀಸೆಲ್ ಜನರೇಟರ್, ಅಂದರೆ ಡಿ.ಜಿ., ಗುರುಗುಟ್ಟಿ ಎದ್ದುಕೊಳ್ಳುತ್ತದೆ. ಅನೇಕ ಕಡೆ ಆಗ ಪ್ರತಿ ಫ್ಲ್ಯಾಟಿಗೆ ಒಂದು ಕಿಲೋವ್ಯಾಟಿನಂಥ ಮಿತಿ ಇರುತ್ತದೆ. ಗೊತ್ತಿಲ್ಲದೆ ಗೀಸರ್ ಹಾಕಿದರೆ ಮನೆಯ ಲೈಟೆಲ್ಲ ಟಪ್ಪೆಂದು ಆರುತ್ತದೆ. ‘ರೀ, ಡಿ.ಜಿ. ಓಡ್ತಿದೆ, ಗೀಸರ್ ಆಫ್ ಮಾಡಿ’ ಎಂದು ಅಡುಗೆಮನೆಯಿಂದ ಕೂಗು ಬರುತ್ತದೆ, ಸ್ವಿಚ್ ಆರುತ್ತದೆ, ಬೆಳಕು ಮರಳುತ್ತದೆ. ಇದಕ್ಕಾಗಿ ಯಾರೂ ಧರಣಿ ಕೂತದ್ದಿಲ್ಲ. ಡೀಸೆಲ್ಲಿನ ಯೂನಿಟ್ ಬೆಸ್ಕಾಂ ಯೂನಿಟ್ಟಿಗಿಂತ ಹಲವು ಪಟ್ಟು ದುಬಾರಿ ಎಂಬುದು ಸಂಘದ ಲೆಕ್ಕಪತ್ರ ನೋಡಿದ ಎಲ್ಲರಿಗೂ ಗೊತ್ತು. ಬೆಲೆಯೂ ಮಿತಿಯೂ ಕಣ್ಣಿಗೆ ಕಂಡಾಗ ಮಧ್ಯಮವರ್ಗ ಎರಡೇ ದಿನದಲ್ಲಿ ಬೇಡಿಕೆ ನಿರ್ವಹಣೆ ಕಲಿಯುತ್ತದೆ.

ಹೊರಗಿನ ಪ್ರಪಂಚ ಇದನ್ನು ಯಾವಾಗಲೋ ಮಾಡಿ ಮುಗಿಸಿದೆ. ನ್ಯೂಜಿಲೆಂಡಿನಲ್ಲಿ 1950ರ ದಶಕದಿಂದಲೇ ವಿದ್ಯುತ್ ತಂತಿಯ ಮೂಲಕ ಸಂಕೇತ ಕಳಿಸಿ ಮನೆಗಳ ಬಿಸಿನೀರಿನ ಹಂಡೆಗಳನ್ನು ಒತ್ತಡದ ಹೊತ್ತಿನಲ್ಲಿ ಆರಿಸುತ್ತಾರೆ. ನೀರು ಆಗಲೇ ಕಾದಿರುವುದರಿಂದ ಸ್ನಾನಕ್ಕೆ ನಿಂತವರಿಗೆ ಅದು ತಿಳಿಯುವುದೂ ಇಲ್ಲ. ಅಮೆರಿಕದ ಡೆಟ್ರಾಯ್ಟ್ ನಗರದ ಕಂಪನಿ 1968ರಲ್ಲಿ ರೇಡಿಯೊ ಸಂಕೇತದಿಂದ ಇದನ್ನೇ ಶುರು ಮಾಡಿತು. ಇಲ್ಲಿಯೂ ಮನೆಗಳು ಒಟ್ಟಾದರೆ ಏನಾಗುತ್ತದೆ ಎಂಬ ಪ್ರಯೋಗ ಒಮ್ಮೆ ನಡೆದುಹೋಗಿದೆ. 2020ರ ಏಪ್ರಿಲ್ 5ರ ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ದೀಪ ಆರಿಸಿ ಎಂದು ಪ್ರಧಾನಿ ಕರೆ ಕೊಟ್ಟಾಗ ಜಾಲದ ಅಧಿಕಾರಿಗಳು 12ರಿಂದ 14 ಸಾವಿರ ಮೆಗಾವ್ಯಾಟ್ ಇಳಿಯಬಹುದು ಎಂದು ಅಂದಾಜಿಸಿದ್ದರು. ಇಳಿದದ್ದು 31 ಸಾವಿರಕ್ಕೂ ಹೆಚ್ಚು. ಜಲವಿದ್ಯುತ್ ಕೇಂದ್ರಗಳನ್ನು ಇಳಿಸಿ ಏರಿಸಿ ಎಂಜಿನಿಯರುಗಳು ಜಾಲವನ್ನು ಉಳಿಸಿಕೊಂಡರು. ಆ ಕರೆಯ ಉದ್ದೇಶವೇನೇ ಇರಲಿ, ಮನೆಗಳ ಸ್ವಿಚ್ಚಿಗೆ ಲೆಕ್ಕವಿಲ್ಲ ಎನ್ನುವವರ ಬಾಯಿ ಅಂದೇ ಮುಚ್ಚಬೇಕಿತ್ತು.

ಸ್ಮಾರ್ಟ್ ಮೀಟರಿನ ಮೇಲಿನ ಸಿಟ್ಟು ಮಾತ್ರ ನ್ಯಾಯವಾದದ್ದೇ. ಬೆಸ್ಕಾಂ 2025ರ ಫೆಬ್ರವರಿಯಿಂದ ಹೊಸ ಸಂಪರ್ಕಗಳಿಗೆ ಅದನ್ನು ಕಡ್ಡಾಯ ಮಾಡಿತು, ಸಿಂಗಲ್ ಫೇಸಿಗೆ ತೆರಿಗೆ ಬಿಟ್ಟು 4,998 ರೂಪಾಯಿ. ಸಾವಿರದ ಒಳಗಿದ್ದ ಬೆಲೆ ಐದು ಪಟ್ಟಾದರೆ ಜನ ಕೇಳದೆ ಇರುತ್ತಾರೆಯೆ? ಗಳಿಗೆ ಗಳಿಗೆಗೆ ಬಳಕೆಯನ್ನು ಬರೆದಿಟ್ಟುಕೊಳ್ಳುವ ಯಂತ್ರಕ್ಕೆ ದುಡ್ಡು ಕೀಳುವುದು, ಗಳಿಗೆಯ ಗೊಡವೆಯೇ ಇಲ್ಲದ ಒಂದೇ ದರದಲ್ಲಿ ಬಿಲ್ಲು ಹಾಕುವುದು! ಕೇಂದ್ರ ಸರ್ಕಾರದ 2023ರ ನಿಯಮದ ಪ್ರಕಾರ ಸ್ಮಾರ್ಟ್ ಮೀಟರ್ ಇರುವ ಗೃಹ ಗ್ರಾಹಕರಿಗೂ 2025ರ ಏಪ್ರಿಲ್ 1ರಿಂದ ಹೊತ್ತಿಗೆ ತಕ್ಕ ದರ ಬರಬೇಕಿತ್ತು: ಬಿಸಿಲಿನ ಗಂಟೆಗಳಲ್ಲಿ ಕನಿಷ್ಠ ಶೇ. 20 ಕಡಿಮೆ, ಒತ್ತಡದ ಗಂಟೆಗಳಲ್ಲಿ ಕನಿಷ್ಠ ಶೇ. 10 ಹೆಚ್ಚು. ಇಲ್ಲಿನ ದೊಡ್ಡ ಕಾರ್ಖಾನೆಗಳಿಗೆ ಸಂಜೆ ದುಬಾರಿ, ರಾತ್ರಿ ಅಗ್ಗ ಎಂಬ ಪದ್ಧತಿ ಎಷ್ಟೋ ವರ್ಷಗಳಿಂದ ಇದ್ದೇ ಇದೆ. ಮನೆಗಳಿಗೆ ಯಂತ್ರ ಮೊದಲು ಬಂತು, ಅದರ ಪ್ರಯೋಜನ ಇನ್ನೂ ದಾರಿಯಲ್ಲಿದೆ.

ಅಷ್ಟಕ್ಕೂ ಬಹುಪಾಲು ಕೆಲಸಕ್ಕೆ ಸ್ಮಾರ್ಟ್ ಮೀಟರಿಗಾಗಿ ಕಾಯಬೇಕಿಲ್ಲ. ಇಪ್ಪತ್ತೈದು ಲೀಟರಿನ ಗೀಸರ್ ನೀರನ್ನು ಕಾಯಿಸಲು ಬೇಕಿರುವುದು ಒಂದು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು. ನಾಲ್ಕೂವರೆಗೆ ಕಾಯಿಸಿದರೂ ಏಳಕ್ಕೆ ಸ್ನಾನ ಮಾಡುವಷ್ಟು ಬಿಸಿ ಅದರಲ್ಲಿ ಉಳಿದಿರುತ್ತದೆ. ಬೇಕಾದದ್ದು ಹದಿನಾರು ಆಂಪಿಯರಿನ ಟೈಮರ್ ಸ್ವಿಚ್, ಬೆಲೆ ಸಾವಿರ ರೂಪಾಯಿಯ ಆಸುಪಾಸು. ಸಿಎಫ್‌ಎಲ್ಲಿಗೆ ಮಾಡಿದ ಹಾಗೆ ಬಿಲ್ಲಿನಲ್ಲಿ ಕಂತು ಹಾಕಿ ಕೊಡಬಹುದು. ಬಾಡಿಗೆಗೆ ಕೊಡುವ ಕಟ್ಟಡಗಳಲ್ಲಿ ಇನ್‌ಸ್ಟಂಟ್ ಗೀಸರಿನ ಬದಲು ಎಲ್ಲ ಮಹಡಿಗೂ ಸೋಲಾರ್ ಕೊಳವೆ ಇಳಿಸಬೇಕೆಂದು ನಕ್ಷೆ ಮಂಜೂರಾತಿಯಲ್ಲೇ ಬರೆಯಬಹುದು. ಹೆಬ್ಬಾಳದ ಬೇಸ್‌ಮೆಂಟುಗಳಲ್ಲಿ ಹೆಚ್ಚುತ್ತಿರುವ ಎಲೆಕ್ಟ್ರಿಕ್ ಕಾರುಗಳು ಸಂಜೆ ಏಳಕ್ಕೆ ಮನೆ ಸೇರಿ ಒಟ್ಟಿಗೇ 3.3 ಕಿಲೋವ್ಯಾಟ್ ಎಳೆಯತೊಡಗಿದರೆ ಗೀಸರಿನ ಕಥೆ ಸಂಜೆಗೂ ಶುರುವಾಗುತ್ತದೆ. ಅವುಗಳ ಚಾರ್ಜಿಂಗನ್ನು ರಾತ್ರಿ ಹತ್ತರ ನಂತರಕ್ಕೆ ತಳ್ಳುವ ನಿಯಮವನ್ನು ಈಗಲೇ ಮಾಡುವುದು ಸುಲಭ, ಪ್ರತಿ ಮನೆಯಲ್ಲೂ ಅಭ್ಯಾಸ ಬೇರೂರಿದ ಮೇಲೆ ಕಷ್ಟ.

ಇವನ್ನೆಲ್ಲ ಬಿಟ್ಟು ಸರ್ಕಾರದ ಕಣ್ಣು ಶರಾವತಿ ಕಣಿವೆಯ ಮೇಲಿದೆ. ತಲಕಳಲೆ, ಗೇರುಸೊಪ್ಪ ಜಲಾಶಯಗಳ ನಡುವೆ, ಸಿಂಗಳೀಕಗಳ ಅಭಯಾರಣ್ಯದೊಳಗೆ, 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ. ಹಗಲು ನೀರನ್ನು ಮೇಲಕ್ಕೆತ್ತಿ ಒತ್ತಡದ ಹೊತ್ತಿನಲ್ಲಿ ಇಳಿಸಿ ವಿದ್ಯುತ್ ಪಡೆಯುವುದು ಅದರ ಉದ್ದೇಶ, ಎತ್ತಲು ಖರ್ಚಾಗುವುದು ಮರಳಿ ಸಿಗುವುದಕ್ಕಿಂತ ಹೆಚ್ಚು. ಅದಕ್ಕೆ ಬಚ್ಚಲುಮನೆಯ ಹಂಡೆಗಳು ಪೂರ್ತಿ ಪರ್ಯಾಯವಾಗಲಾರವು, ನಿಜ. ಆದರೆ ಕಾದ ನೀರಿನ ಹಂಡೆಯೂ ಒಂದು ಸ್ಟೋರೇಜೇ. ಅದನ್ನು ಬಳಸಲು ಕಾಡು ಕಡಿಯಬೇಕಿಲ್ಲ, ಸುರಂಗ ಕೊರೆಯಬೇಕಿಲ್ಲ. ಎಷ್ಟು ಮೆಗಾವ್ಯಾಟ್ ಮನೆಗಳಿಂದಲೇ ಉಳಿದೀತು ಎಂದು ಎಣಿಸುವ ಮುಂಚೆಯೇ ಕಣಿವೆಗೆ ಯಂತ್ರ ಇಳಿಸಲು ಹೊರಡುವುದು 1987ರ ವರದಿಯ ತಪ್ಪನ್ನೇ ಇನ್ನೊಮ್ಮೆ ಮಾಡಿದಂತೆ.

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ದರ ಪರಿಷ್ಕರಣೆಗೆ ಮುನ್ನ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಕೈಗಾರಿಕಾ ಸಂಘಗಳು ಅಂಕಿಅಂಶಗಳ ಕಂತೆ ಹೊತ್ತು ಬರುತ್ತವೆ, ರೈತ ಸಂಘಗಳು ತ್ರೀಫೇಸಿನ ಗಂಟೆಗಳಿಗಾಗಿ ಜಗಳವಾಡುತ್ತವೆ. ನಗರದ ಮನೆಗಳ ಪರವಾಗಿ ಎದ್ದು ನಿಲ್ಲುವವರು ಕೇಳುವುದು ನಿಗದಿ ಶುಲ್ಕ ಯಾಕೆ ಏರಿಸಿದಿರಿ ಎಂಬುದೊಂದನ್ನೇ. ಅವರು ಕೇಳಬೇಕಾದ ಪ್ರಶ್ನೆ ಬೇರೆ: ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಫೀಡರುಗಳಲ್ಲಿ ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಎಷ್ಟು ಲೋಡ್ ಇರುತ್ತದೆ, ಅದರಲ್ಲಿ ಬಿಸಿನೀರಿನ ಪಾಲೆಷ್ಟು, ಅದನ್ನು ಸರಿಸಲು ಮನೆಗಳಿಗೆ ಎಷ್ಟು ಕೊಡುತ್ತೀರಿ, ಅನಿಲ ಸ್ಥಾವರದ ಯೂನಿಟ್ಟಿಗೆ ಎಷ್ಟು ಕೊಡುತ್ತಿದ್ದೀರಿ? ಫೀಡರಿನ ಮೀಟರುಗಳು ಆ ಲೋಡನ್ನು ಗಂಟೆಗಂಟೆಗೂ ಬರೆದಿಡುತ್ತಿವೆ. ಮುಂದಿನ ವಿಚಾರಣೆಯಲ್ಲಿ ಬೆಸ್ಕಾಂ ಆ ಹಾಳೆಗಳನ್ನು ಮೇಜಿನ ಮೇಲಿಡಲಿ. ಇನ್ನೊಂದು ಸ್ಥಾವರ ಬೇಕೋ ಬೇಡವೋ ಎಂಬ ಜಗಳವನ್ನು ಆಮೇಲೆ ಆಡೋಣ.